ಪಂಕ್ತಿಯಲ್ಲಿ ಕೂತು ಉಂಡೆ, ಥ್ಯಾಂಕ್ಸ್ ಹೇಳಬೇಕು

ತಮ್ಮನ ಮದುವೆಯಲ್ಲಿ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಊಟ ಮಾಡಿದೆ. ಒಬ್ಬಟ್ಟಿನ ಸಾರು, ಮಾವಿನಕಾಯಿ ಉಪ್ಪಿನಕಾಯಿ, ಏನೂ ಬಿಡಲಿಲ್ಲ. ಊಟಕ್ಕೆ ಕೂತರೆ ಸಾಕು ಬೆವರುತ್ತಿದ್ದ ಎಡಗೆನ್ನೆ ಒಣಗೇ ಇತ್ತು. ಅದಕ್ಕೇ ಈ ಬರಹ.

ಮೊದಲ ಥ್ಯಾಂಕ್ಸ್ ನನ್ನ ಸರ್ಜನ್‌ಗೆ. ಕಿವಿಯ ಮುಂದೆ ಪರೋಟಿಡ್ ಅಂತ ಒಂದು ಜೊಲ್ಲಿನ ಗ್ರಂಥಿ ಇದೆ. ಅದರಲ್ಲಿ ಗಂಟಾಗಿತ್ತು. ಕ್ಯಾನ್ಸರ್ ಅಲ್ಲ, ಆದರೂ ತೆಗೆಯಲೇಬೇಕಿತ್ತು. ಕಣ್ಣು ಮುಚ್ಚಿಸುವ, ನಗಿಸುವ ನರ ಹಾದುಹೋಗುವುದು ಆ ಗ್ರಂಥಿಯ ಒಳಗೇ. ಆ ನರಕ್ಕೆ ಏಟಾಗದ ಹಾಗೆ ಗಂಟು ತೆಗೆದರು. ಇವತ್ತು ಬಾಯಿ ಸೊಟ್ಟವಾಗದೆ ನಗುತ್ತೇನೆ ಅಂದರೆ ಅದು ಅವರ ಕೈಚಳಕ.

ಕೆಲವು ತಿಂಗಳಾದ ಮೇಲೆ ಬೆವರು ಶುರುವಾಯಿತು. ಅದೂ ಊಟಕ್ಕೆ ಕೂತಾಗ ಮಾತ್ರ. ಹುಳಿ, ಖಾರ ಬಾಯಿಗೆ ಬಿದ್ದರೆ ಕಿವಿಯ ಮುಂದೆ ಕೆಂಪಾಗಿ, ಬೆವರು ಕತ್ತಿಗೆ ಇಳಿಯುತ್ತಿತ್ತು. ಮಂಡ್ಯದ ಬೇಸಿಗೆ ಬಿಡಿ, ಡಿಸೆಂಬರ್ ಚಳಿಯಲ್ಲೂ ಹಾಗೇ. "ಟೆನ್ಷನ್ನಾ? ಬಿಪಿನಾ?" ಅಂತ ಜನ ಕೇಳುತ್ತಿದ್ದರು. ಒಂದು ಕ್ಲಿನಿಕ್ಕಿನಲ್ಲಂತೂ "ಸುಮ್ನೆ ಜಾಸ್ತಿ ಯೋಚನೆ ಮಾಡ್ತೀರಿ" ಅಂದು ಕಳಿಸಿಬಿಟ್ಟರು. ಆ ಮಾತು ಬೆವರಿಗಿಂತ ಹೆಚ್ಚು ನೋಯಿಸಿತು.

ಆಗ ನನ್ನ ಮಾತು ನಂಬಿದವರು ಮೈಸೂರಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್. ಕೆನ್ನೆಗೆ ಅಯೋಡಿನ್ ಹಚ್ಚಿ, ಒಣಗಿದ ಮೇಲೆ ಸ್ಟಾರ್ಚ್ ಪುಡಿ ಉದುರಿಸಿ, ಒಂದು ಹೋಳು ನಿಂಬೆ ಕೊಟ್ಟರು. ಚೀಪುತ್ತಿದ್ದ ಹಾಗೇ ಬೆವರಿದ ಜಾಗವೆಲ್ಲ ಕಡುನೀಲಿ ಆಯಿತು. ಕನ್ನಡಿ ಹಿಡಿದು ತೋರಿಸಿದರು. ನನಗೆ ಅಳು ಬಂತು. ಕಣ್ಣಿಗೆ ಕಾಣುವ ಸಾಕ್ಷಿ ಅಲ್ವಾ!

"ನೀವು ಮಂಡ್ಯದವರು, ನಾಲೆ ಲೆಕ್ಕದಲ್ಲೇ ಹೇಳ್ತೀನಿ" ಅಂದರು. ಜೊಲ್ಲು ಸುರಿಸುವ ಸಣ್ಣ ನರಗಳು ಆಪರೇಷನ್‌ನಲ್ಲಿ ತುಂಡಾಗುತ್ತವೆ. ಮತ್ತೆ ಬೆಳೆಯುವಾಗ ದಾರಿ ತಪ್ಪಿ ಚರ್ಮದ ಬೆವರಿನ ಗ್ರಂಥಿಗಳಿಗೆ ಸೇರಿಕೊಳ್ಳುತ್ತವೆ. ನಮ್ಮ ಗದ್ದೆಗೆ ಬಿಟ್ಟ ನೀರು ಪಕ್ಕದವರ ಗದ್ದೆಗೆ ನುಗ್ಗಿದ ಹಾಗೆ. ಊಟದ ಹೊತ್ತಿಗೆ ಜೊಲ್ಲು ಬರಿಸುವ ಸಂದೇಶ ಬೆವರು ತರಿಸುತ್ತದೆ. ಇದಕ್ಕೆ ಫ್ರೇ ಸಿಂಡ್ರೋಮ್ ಅನ್ನುತ್ತಾರೆ.

ಆ ಹೆಸರಿನ ಹಿಂದೆ ಒಬ್ಬ ಹೆಣ್ಣುಮಗಳಿದ್ದಾರೆ. ಲೂಸಿಯಾ ಫ್ರೇ, ಪೋಲೆಂಡಿನ ನರರೋಗ ತಜ್ಞೆ. ಈ ಬೆವರಿಗೂ ಕಿವಿಯ ಹತ್ತಿರದ ನರಕ್ಕೂ ಇರುವ ನಂಟನ್ನು 1923ರಲ್ಲೇ ಬಿಡಿಸಿ ಬರೆದರು. ಯಹೂದಿ ಅನ್ನುವ ಕಾರಣಕ್ಕೆ ನಾಜಿಗಳು ಅವರನ್ನು ಘೆಟ್ಟೋಗೆ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಗೆ, ತಳ್ಳಿದರು. 1942ರಲ್ಲಿ ಕೊಂದರು. ಅವರಿಗೂ ನನ್ನ ನಮಸ್ಕಾರ ಸಲ್ಲಬೇಕು.

ಆಮೇಲೆ ಆ ಮೈಸೂರಿನ ಡಾಕ್ಟರ್ ಬೋಟಾಕ್ಸ್ ಕೊಟ್ಟರು, ಬೆವರಿನ ಗ್ರಂಥಿಗೆ ನರದ ಸಂದೇಶ ಮುಟ್ಟದಂತೆ ತಡೆಯುವ ಇಂಜೆಕ್ಷನ್. ನೀಲಿಯಾದ ಜಾಗದ ಉದ್ದಕ್ಕೂ ಚರ್ಮದೊಳಗೆ ಸಣ್ಣ ಸಣ್ಣ ಚುಚ್ಚು. ನೋವಿತ್ತು, ತಡೆದುಕೊಳ್ಳುವಷ್ಟೇ. ಕೆಲವೇ ದಿನದಲ್ಲಿ ಬೆವರು ನಿಂತಿತು. ಇದು ಶಾಶ್ವತ ಅಲ್ಲ, ಮತ್ತೆ ಬಂದರೆ ಮತ್ತೆ ಹಾಕಿಸಬೇಕು.

ಇನ್ನೊಬ್ಬಳಿದ್ದಾಳೆ, ಆಫೀಸಿನ ಗೆಳತಿ. ಕಷ್ಟದ ದಿನಗಳುದ್ದಕ್ಕೂ ಊಟದ ಹೊತ್ತಿಗೆ ಡಬ್ಬಿ ತಂದು ನನ್ನ ಎಡಕ್ಕೇ ಕೂರುತ್ತಿದ್ದಳು, ಆ ಕೆನ್ನೆ ಬೇರೆಯವರಿಗೆ ಕಾಣದ ಹಾಗೆ. ಯಾಕೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಣೇ, ನನಗೆ ಗೊತ್ತಿತ್ತು.

ಪರೋಟಿಡ್ ಆಪರೇಷನ್ ಆದವರಿಗೆ ಊಟ ಮಾಡುವಾಗ ಕೆನ್ನೆ ಬೆವರುತ್ತಿದ್ದರೆ, ಫ್ರೇ ಸಿಂಡ್ರೋಮ್ ಇರಬಹುದಾ ಅಂತ ಡಾಕ್ಟರನ್ನು ಹೆಸರು ಹಿಡಿದೇ ಕೇಳಿ. ಕೆಲವರಿಗೆ ಬೆವರು ತಡೆಯುವ ಲೋಷನ್ನೇ ಸಾಕಾಗುತ್ತದೆ. ಜೊತೆಗೆ ಯಾರಾದರೂ ಬರಬೇಕು ಅನ್ನಿಸಿದರೆ ಹೇಳಿ, ಮೈಸೂರಿನವರೆಗೂ ನಾನೇ ಬರುತ್ತೇನೆ.