ಮೂಳೆ ಕ್ಯಾನ್ಸರ್‌ ಔಷಧ: ಯಾವ ಹಂತವೆಂದೂ ಬರೆಯಿರಿ

ಮಾನ್ಯರೇ,

ಕ್ಯಾನ್ಸರ್‌ ಕೋಶಗಳು ತಾವಾಗಿಯೇ ಸಾಯುವಂತೆ ಮಾಡುವ ಹೊಸ ಔಷಧಗಳಿಂದ ಮೂಳೆ ಕ್ಯಾನ್ಸರ್‌ ಗುಣವಾಗಲಿದೆ ಎಂಬರ್ಥದ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತಿವೆ. ಇವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ಔಷಧವನ್ನು ಇಲಿಗಳ ಮೇಲೆ ಪ್ರಯೋಗಿಸಲಾಗಿದೆಯೋ, ರೋಗಿಗಳಿಗೆ ಕೊಟ್ಟು ನೋಡಲಾಗಿದೆಯೋ ಎಂಬ ವಿವರ ಕೊನೆಯ ಸಾಲಿನಲ್ಲಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ.

ಕೆಟ್ಟ ಕೋಶ ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುವ ವ್ಯವಸ್ಥೆ ದೇಹದಲ್ಲಿಯೇ ಇದೆ. ಅದಕ್ಕೆ ಅಪೊಪ್ಟೋಸಿಸ್‌ ಎಂಬ ಹೆಸರು ಬಂದದ್ದು 1972ರಲ್ಲಿ. ಬಿಸಿಎಲ್‌-2 ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸಿಕೊಂಡು ಕೆಲವು ಕ್ಯಾನ್ಸರ್‌ ಕೋಶಗಳು ಈ ಸಾವಿನಿಂದ ನುಣುಚಿಕೊಳ್ಳುತ್ತವೆ. ಆ ಪ್ರೋಟೀನನ್ನು ತಡೆಯುವ ವೆನೆಟೋಕ್ಲಾಕ್ಸ್‌ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದು ಒಂದು ಬಗೆಯ ರಕ್ತ ಕ್ಯಾನ್ಸರಿಗೆ. ಹದಿಹರೆಯದವರನ್ನು ಹೆಚ್ಚಾಗಿ ಕಾಡುವ ಆಸ್ಟಿಯೋಸಾರ್ಕೋಮ ಎಂಬ ಮೂಳೆ ಕ್ಯಾನ್ಸರಿನಲ್ಲಿ ವಂಶವಾಹಿಗಳ ಏರುಪೇರು ರೋಗಿಯಿಂದ ರೋಗಿಗೆ ಬೇರೆಯಾಗಿರುವುದರಿಂದ, ಔಷಧ ತಾಗಿಸಲು ಎಲ್ಲರಿಗೂ ಹೊಂದುವ ಒಂದೇ ಗುರಿ ಸಿಗುವುದು ಕಷ್ಟ. ರೆಗೋರಾಫೆನಿಬ್‌ ಎಂಬ ಹೊಸ ಬಗೆಯ ಮಾತ್ರೆ ಮರುಕಳಿಸಿದ ರೋಗದ ಬೆಳವಣಿಗೆಯನ್ನು ಕೆಲವು ತಿಂಗಳ ಮಟ್ಟಿಗೆ ತಡೆದಿದೆಯೇ ಹೊರತು ಗುಣಪಡಿಸಿಲ್ಲ. ಶಸ್ತ್ರಚಿಕಿತ್ಸೆಯ ಜೊತೆಗೆ ಮೆಥೊಟ್ರೆಕ್ಸೇಟ್‌, ಡಾಕ್ಸೊರುಬಿಸಿನ್‌, ಸಿಸ್ಪ್ಲಾಟಿನ್‌ ಎಂಬ ದಶಕಗಳ ಹಳೆಯ ಕಿಮೋಥೆರಪಿ ಔಷಧಗಳೇ ಇಂದಿಗೂ ಆಧಾರ. ಇವು ಆರೋಗ್ಯವಂತ ಕೋಶಗಳನ್ನೂ ಬಿಡುವುದಿಲ್ಲ, ನಿಜ. ಆದರೆ ಕ್ಯಾನ್ಸರ್‌ ಕೋಶಗಳನ್ನು ಇವು ಕೊಲ್ಲುವುದೂ ಬಹುಮಟ್ಟಿಗೆ ಅದೇ ಅಪೊಪ್ಟೋಸಿಸ್‌ನ ದಾರಿಯಲ್ಲಿ ಎಂಬುದನ್ನು ಯಾವ ವರದಿಯಲ್ಲಿಯೂ ನಾನು ಓದಿಲ್ಲ.

ನಮ್ಮ ಮಲೆನಾಡಿನಲ್ಲಿ ಹುಡುಗರ ಮೊಣಕಾಲು ಊದಿಕೊಂಡರೆ ವಾಲಿಬಾಲ್‌ ಆಡುವಾಗ ಬಿದ್ದ ಪೆಟ್ಟೆಂದುಕೊಂಡು ಎಣ್ಣೆ ತಿಕ್ಕಿಸಿ, ಸೊಪ್ಪು ಅರೆದು ಪಟ್ಟು ಕಟ್ಟಿಸಿ, ರಾತ್ರಿ ನೋವಿನಿಂದ ನಿದ್ದೆ ಹತ್ತದಿದ್ದರೂ ಎಕ್ಸ್‌ರೇ ತೆಗೆಸದೆ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಕೊನೆಗೆ ರೋಗ ಗೊತ್ತಾಗಿ ಬೆಂಗಳೂರಿನ ಕಿದ್ವಾಯಿಗೋ ಮಣಿಪಾಲಕ್ಕೋ ಹೋಗಬೇಕಾದಾಗ, "ಹೊಸ ಮಾತ್ರೆ ಬರುತ್ತಂತೆ, ಆಪರೇಷನ್‌ ಯಾಕೆ, ಸ್ವಲ್ಪ ಕಾಯೋಣ" ಎನ್ನುವ ನೆಂಟರು ಸಿಗುತ್ತಾರೆ. ಕಾಲು ಉಳಿಸಿಕೊಂಡೇ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆ ಇಂದು ಅನೇಕರಿಗೆ ಸಾಧ್ಯವೆಂಬುದು ಅವರಿಗೆ ಗೊತ್ತಿರುವುದಿಲ್ಲ. ಶ್ವಾಸಕೋಶಕ್ಕೆ ಹರಡುವ ಮೊದಲೇ ಪೂರ್ಣ ಚಿಕಿತ್ಸೆ ದೊರೆತರೆ ಹತ್ತರಲ್ಲಿ ಆರೇಳು ಮಂದಿ ಐದು ವರ್ಷಗಳಾಚೆಗೂ ಬದುಕುತ್ತಾರೆ. ಹರಡಿದ ಮೇಲೆ ಈ ಪ್ರಮಾಣ ಅರ್ಧಕ್ಕೆ, ಅದಕ್ಕೂ ಕೆಳಗೆ ಕುಸಿಯುತ್ತದೆ.

ನಮ್ಮೂರಿನ ಹೋಟೆಲುಗಳಲ್ಲಿ ಪತ್ರಿಕೆ ಹಿಡಿದವರು ಶೀರ್ಷಿಕೆಯನ್ನೂ ಮೊದಲ ಪ್ಯಾರಾವನ್ನೂ ಓದಿ ಪುಟ ತಿರುವುತ್ತಾರೆ. ಆದ್ದರಿಂದ ಔಷಧ ಯಾವ ಹಂತದಲ್ಲಿದೆ, ಸದ್ಯಕ್ಕೆ ಲಭ್ಯವಿರುವ ಚಿಕಿತ್ಸೆ ಯಾವುದು ಎಂಬ ಎರಡು ಸಾಲುಗಳನ್ನು ಆ ಮೊದಲ ಪ್ಯಾರಾದಲ್ಲಿಯೇ ಮುದ್ರಿಸಬೇಕೆಂದು ಕೋರುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ತೀರ್ಥಹಳ್ಳಿ