ಸರಕು ಸೈಕಲ್ ಡಿಪೋ ಊರಾಚೆ ಬೇಡ, ಮನೆಗಳಿಗೆ ಹತ್ತಿರ ಇರಲಿ

ಇವರಿಗೆ,
ಮಾನ್ಯ ಆಯುಕ್ತರು,
ನಗರ ಪಾಲಿಕೆ

ವಿಷಯ: ಪಾರ್ಸೆಲ್ ಹಂಚುವ ಸರಕು ಸೈಕಲ್‌ಗಳ ಡಿಪೋಗೆ ಜಾಗ ಆರಿಸುವ ಬಗ್ಗೆ

ಮಾನ್ಯರೇ,

ಪಾರ್ಸೆಲ್‌ಗಳನ್ನು ವ್ಯಾನ್ ಬದಲು ಸರಕು ಸೈಕಲ್‌ನಲ್ಲಿ, ಅಂದರೆ ಪೆಟ್ಟಿಗೆ ಕೂರಿಸಿದ, ಬ್ಯಾಟರಿ ನೆರವಿನ ಸೈಕಲ್‌ನಲ್ಲಿ, ಹಂಚಿಸುವ ಯೋಜನೆ ಪಾಲಿಕೆಯ ಮುಂದಿದೆ ಎಂದು ತಿಳಿದು ನಮಗೆ ತುಂಬಾ ಖುಷಿಯಾಯಿತು. ನಮ್ಮ ಅಡ್ಡರಸ್ತೆಯಲ್ಲಿ ಒಂದು ವ್ಯಾನ್ ನಿಂತರೆ ಹಿಂದೆ ಬಂದವರೆಲ್ಲ ಕಾಯಬೇಕು, ನಡೆಯುವವರು ರಸ್ತೆ ಮಧ್ಯಕ್ಕೆ ಇಳಿಯಬೇಕು. ಹಾಗಾಗಿ ಯೋಜನೆ ನಮಗೆ ಬೇಕೇ ಬೇಕು. ಆದರೆ ಲಾರಿ ತಂದ ಪಾರ್ಸೆಲ್‌ಗಳನ್ನು ಸೈಕಲ್‌ಗೆ ತುಂಬುವ ಡಿಪೋ ತಪ್ಪು ಜಾಗದಲ್ಲಿ ಬಂದರೆ ಸೈಕಲ್‌ಗಳು ಸೋತು ಮತ್ತೆ ವ್ಯಾನ್‌ಗಳೇ ಬರುತ್ತವೆ ಎಂಬುದು ನಮ್ಮ ಭಯ.

ಊರಂಚಿನಲ್ಲಿ ಖಾಲಿ ಜಾಗ ಇದೆ, ಲಾರಿ ಸಲೀಸಾಗಿ ಬರುತ್ತದೆ, ಅಲ್ಲೇ ಒಂದು ದೊಡ್ಡ ಡಿಪೋ ಮಾಡಿಬಿಡೋಣ ಎಂಬ ಮಾತು ಕೇಳಿಬರುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. ವ್ಯಾನ್ ಬೆಳಿಗ್ಗೆ ಒಂದು ಸಲ ತುಂಬಿಕೊಂಡು ಹೊರಟರೆ ಸಂಜೆವರೆಗೂ ಹಂಚಬಹುದು. ಸೈಕಲ್‌ಗೆ ಅದು ಆಗುವುದಿಲ್ಲ. ಎರಡು ಚಕ್ರದ್ದು ಸುಮಾರು 100 ಕಿಲೋ ಹೊರುತ್ತದೆ, ಮೂರು ಅಥವಾ ನಾಲ್ಕು ಚಕ್ರದ್ದು 200 ಕಿಲೋ ಆಸುಪಾಸು. ಎಷ್ಟೋ ಸಲ ತೂಕ ಮುಟ್ಟುವ ಮೊದಲೇ ಪೆಟ್ಟಿಗೆಯಲ್ಲಿ ಜಾಗ ಮುಗಿದಿರುತ್ತದೆ. ಅಂದರೆ ಸವಾರರು ದಿನಕ್ಕೆ ಹಲವು ಸಲ ವಾಪಸ್ ಬಂದು ತುಂಬಿಕೊಳ್ಳಲೇಬೇಕು.

ಲೆಕ್ಕ ಹಾಕಿ ನೋಡಿ. ವೇಗ ಗಂಟೆಗೆ 15 ಕಿ.ಮೀ. ಎಂದಿಟ್ಟುಕೊಳ್ಳಿ. ಡಿಪೋ 6 ಕಿ.ಮೀ. ದೂರ ಇದ್ದರೆ ಹೋಗಲು 24 ನಿಮಿಷ, ಬರಲು 24 ನಿಮಿಷ. ದಿನಕ್ಕೆ ಮೂರು ಸುತ್ತು ಅಂದರೆ 2 ಗಂಟೆ 24 ನಿಮಿಷ, ಒಂದು ಪಾರ್ಸೆಲ್ಲನ್ನೂ ಕೊಡದೆ ಸುಮ್ನೆ ತುಳಿದದ್ದು. ಅದೇ ಡಿಪೋ ಒಂದೂವರೆ ಕಿ.ಮೀ. ದೂರದಲ್ಲಿದ್ದರೆ ಮೂರು ಸುತ್ತಿಗೂ ಸೇರಿ 36 ನಿಮಿಷ ಸಾಕು. ಬ್ಯಾಟರಿ ಇದೆಯಲ್ಲ, ಜೋರಾಗಿ ಹೋಗಲಿ ಎನ್ನಬಹುದು. ಯುರೋಪಿನ ನಿಯಮದಲ್ಲಿ ಸೈಕಲ್ ಎಂದೇ ಲೆಕ್ಕಕ್ಕೆ ಬರಬೇಕಾದರೆ ಪೆಡಲ್‌ಗೆ ನೆರವಾಗುವ ಮೋಟರ್‌ನ ನಿರಂತರ ಶಕ್ತಿ 250 ವ್ಯಾಟ್ ಮೀರುವಂತಿಲ್ಲ, ವೇಗ 25 ಕಿ.ಮೀ. ಮುಟ್ಟಿದರೆ ಅದು ನೆರವು ನಿಲ್ಲಿಸಬೇಕು. ತುಂಬಿದ ಸೈಕಲ್ ಜೋರಾಗಿ ಓಡುವುದು ನಮಗೂ ಬೇಡ, ರಸ್ತೆಯಲ್ಲಿ ಮಕ್ಕಳಿರುತ್ತಾರೆ.

ಇದನ್ನು ಬೇರೆ ಊರುಗಳು ಮಾಡಿ ನೋಡಿವೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2012ರಲ್ಲಿ ಯುಪಿಎಸ್ ಎಂಬ ಪಾರ್ಸೆಲ್ ಕಂಪನಿ ಊರ ನಡುವೆಯೇ ಕಂಟೇನರ್ ನಿಲ್ಲಿಸಿ, ಅಲ್ಲಿಂದ ನಡೆದು ಮತ್ತು ಸೈಕಲ್‌ನಲ್ಲಿ ಹಂಚಿಸಲು ಶುರು ಮಾಡಿತು. ಬರ್ಲಿನ್‌ನಲ್ಲಿ 2018ರಲ್ಲಿ ಐದು ಪಾರ್ಸೆಲ್ ಕಂಪನಿಗಳು, ಒಂದಕ್ಕೊಂದು ಪೈಪೋಟಿ ಇದ್ದರೂ, ಒಂದೇ ಅಂಗಳದಲ್ಲಿ ತಮ್ಮ ತಮ್ಮ ಕಂಟೇನರ್ ಇಟ್ಟುಕೊಂಡು ಕೆಲಸ ಮಾಡಿದವು. ದೊಡ್ಡ ಕಟ್ಟಡವೇ ಬೇಕಿಲ್ಲ ಅಲ್ವಾ?

ಹಾಗಂತ ಬೀದಿಗೊಂದು ಡಿಪೋ ಕೇಳುತ್ತಿಲ್ಲ. ಒಂದರ ಬದಲು ಎರಡು ಮೂರು ಮಾಡಿದರೆ ದೂರ ಬಹಳ ಇಳಿಯುತ್ತದೆ. ಆಮೇಲೆ ಮಾಡುವ ಪ್ರತಿ ಡಿಪೋದಿಂದ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ, ಲಾರಿ ನಿಲ್ಲಬೇಕಾದ ಜಾಗಗಳು ಮಾತ್ರ ಜಾಸ್ತಿಯಾಗುತ್ತವೆ. ಎಲ್ಲಿ ಎಂಬುದಕ್ಕೆ ಎರಡು ಲೆಕ್ಕಗಳಿವೆ. ಎಲ್ಲ ಪಾರ್ಸೆಲ್‌ಗಳ ಒಟ್ಟು ದೂರ ಕಡಿಮೆ ಆಗುವ ಜಾಗ ಒಂದು, ತೀರಾ ದೂರದ ಮನೆಯೂ ಕೈಗೆಟುಕುವ ಜಾಗ ಇನ್ನೊಂದು. ಎರಡೂ ಒಂದೇ ಕಡೆ ಬರಬೇಕೆಂದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೊದಲನೆಯದನ್ನು ಹಿಡಿಯಿರಿ, ಆದರೆ ಯಾವ ಮನೆಯೂ 2 ಕಿ.ಮೀ. ಮೀರದಂತೆ ನೋಡಿಕೊಳ್ಳಿ. ಆ ದೂರವನ್ನು ನಕ್ಷೆ ಮೇಲೆ ವೃತ್ತ ಎಳೆದು ಅಳೆಯಬೇಡಿ. ನಡುವೆ ರೈಲು ಹಳಿ, ಏಕಮುಖ ರಸ್ತೆ, ಏರು ಇದ್ದರೆ ವೃತ್ತದೊಳಗಿನ ಮನೆಯೂ ದೂರವೇ. ತುಂಬಿದ ಸೈಕಲ್ಲನ್ನು ಒಮ್ಮೆ ಓಡಿಸಿ ನೋಡಿದರೆ ಗೊತ್ತಾಗುತ್ತದೆ.

ಜಾಗ ಎಲ್ಲಿಂದ ತರೋಣ ಎಂದರೆ, ಪಾಲಿಕೆಯದೇ ಪಾರ್ಕಿಂಗ್ ಕಟ್ಟಡಗಳ ನೆಲಮಹಡಿ ನೋಡಿ. ನೆಲಮಾಳಿಗೆ ಬೇಡ, ಅಲ್ಲಿ ಸೂರು ತಗ್ಗು, ಲಾರಿ ಹೋಗಲ್ಲ, ಇಳಿಜಾರಿನಲ್ಲಿ ತುಂಬಿದ ಸೈಕಲ್ ಹತ್ತಿಸುವುದೂ ಕಷ್ಟ. ಫುಟ್‌ಪಾತ್ ಮತ್ತು ಮಕ್ಕಳು ಆಡುವ ಜಾಗವನ್ನಂತೂ ಮುಟ್ಟಲೇಬೇಡಿ.

ನಮ್ಮ ನಿಜವಾದ ಆತಂಕ ಲಾರಿಯದು. ಸೈಕಲ್ ಸದ್ದು ಮಾಡುವುದಿಲ್ಲ, ಆದರೆ ಅದಕ್ಕೆ ಸರಕು ತರುವ ಲಾರಿ ನಸುಕಿನಲ್ಲೇ ಬರುತ್ತದೆ. ರಿವರ್ಸ್ ಹೋಗುವಾಗಿನ ಬೀಪ್ ಸದ್ದು, ಕಬ್ಬಿಣದ ಬಾಗಿಲು, ಒರಟು ನೆಲದ ಮೇಲೆ ಉರುಳುವ ಟ್ರಾಲಿ ಚಕ್ರ. ಮಲಗುವ ಕೋಣೆಯ ಕಿಟಕಿ ಕೆಳಗೆ ಇದು ದಿನಾ ನಡೆದರೆ ಇವತ್ತು ಸಹಿ ಹಾಕಿದ ನಾವೇ ನಾಳೆ ವಿರೋಧಿಸುತ್ತೇವೆ. ಆದ್ದರಿಂದ ಡಿಪೋದ ಒಂದು ಬಾಗಿಲು ಮುಖ್ಯರಸ್ತೆಗೆ ಇರಲಿ, ಲಾರಿ ರಿವರ್ಸ್ ಮಾಡದೆ ಒಳಬಂದು ಹೊರಹೋಗುವಂತಿರಲಿ, ಇನ್ನೊಂದು ಬಾಗಿಲು ಓಣಿ ಕಡೆಗೆ, ಸೈಕಲ್‌ಗಳಿಗೆ ಮಾತ್ರ. ಲಾರಿ ಬರುವ ಸಮಯವನ್ನು ಪರವಾನಗಿಯಲ್ಲೇ ಬರೆದುಬಿಡಿ.

ಬ್ಯಾಟರಿ ಚಾರ್ಜ್ ಮಾಡುವ ಕೋಣೆ ಮನೆಗಳ ಮೆಟ್ಟಿಲ ಬಳಿ ಇರಬಾರದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ, ಹೊಗೆ ವಿಷಕಾರಿ. ಸವಾರರಿಗೆ ಶೌಚಾಲಯ, ಕುಡಿಯುವ ನೀರು, ಕೂರಲು ನೆರಳು ನಕ್ಷೆಯಲ್ಲೇ ಇರಲಿ, ಆಮೇಲೆ ನೋಡೋಣ ಎಂದರೆ ಅದು ಬರುವುದೇ ಇಲ್ಲ.

ಯಾವ ರಸ್ತೆಗೆ ದಿನಕ್ಕೆ ಎಷ್ಟು ಪಾರ್ಸೆಲ್ ಬರುತ್ತದೆ ಎಂಬ ಅಂಕಿಯನ್ನು ಕಂಪನಿಗಳಿಂದ ಪಡೆದು, ಮನೆಯವರ ಹೆಸರು ಬಿಟ್ಟು, ಎಲ್ಲರಿಗೂ ಕಾಣುವಂತೆ ಹಾಕಿ. ಕಟ್ಟುವ ಮೊದಲು ಆರು ತಿಂಗಳು ಕಂಟೇನರ್ ಇಟ್ಟು ಪರೀಕ್ಷಿಸಿ. ಜಾಗ ನೋಡಲು ನಿಮ್ಮ ಎಂಜಿನಿಯರ್ ಬರುವ ದಿನ ತಿಳಿಸಿದರೆ ನಾವೂ ಜೊತೆಗೆ ಬರುತ್ತೇವೆ. ಬೆಳಿಗ್ಗೆ ಆರಕ್ಕೇ ಬಂದರೆ ಒಳ್ಳೆಯದು.

ಇಂತಿ,
ಬಡಾವಣೆಯ ನಿವಾಸಿಗಳು