ಆ ಹಾಳೆ ಹರಿಯಬಾರದಿತ್ತು

ಚಿ. ಕಾವ್ಯಳಿಗೆ ಮಾವನ ಆಶೀರ್ವಾದಗಳು.

ನಿನ್ನಮ್ಮ ಫೋನಲ್ಲಿ ಎಲ್ಲಾ ಹೇಳಿದಳು. ಎಮ್ಮೆಯ ಹಲ್ಲನ್ನು ಜಿಂಕೆಯದ್ದು ಅಂತ ಬರೆದೆಯಂತೆ, ಎಲ್ಲರೆದುರು ಬೈಸಿಕೊಂಡೆಯಂತೆ. ಅದು ಬಿಡು, ಕಲಿಯುವಾಗ ಆಗುವಂಥದ್ದೇ. ಆದರೆ ಬೇಜಾರಲ್ಲಿ ಫೀಲ್ಡ್ ನೋಟ್‌ಬುಕ್ಕಿನ ಹಾಳೆಯನ್ನೇ ಹರಿದು ಹಾಕಿದೆ ಅಂದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಆಂಡ್ರ್ಯೂಸಾರ್ಕಸ್ ಅನ್ನೋ, ಎಂದೋ ಅಳಿದುಹೋದ ಪ್ರಾಣಿಯ ಕತೆ ಕೇಳು. 1923ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ತಂಡ ಒಳ ಮಂಗೋಲಿಯಾದಲ್ಲಿ ಪಳೆಯುಳಿಕೆ ಹುಡುಕುತ್ತಿತ್ತು. ತಂಡದ ಸಹಾಯಕ ಕಾನ್ ಚುಯೆನ್ ಪಾವೊ ಕಣ್ಣಿಗೆ ಒಂದು ತಲೆಬುರುಡೆ ಬಿತ್ತು. 4 ಕೋಟಿ ವರ್ಷಕ್ಕೂ ಹಳೆಯದು. ಉದ್ದ 83 ಸೆಂಟಿಮೀಟರ್! ಹುಲಿಯ ಬುರುಡೆಯ ಎರಡರಷ್ಟಕ್ಕಿಂತ ಜಾಸ್ತಿ. ಕೆಳದವಡೆ ಇಲ್ಲ, ಕಾಲಿಲ್ಲ, ಬೆನ್ನೆಲುಬಿಲ್ಲ. ಬುರುಡೆ ಮಾತ್ರ.

ತಂಡದಲ್ಲಿದ್ದ ಪಳೆಯುಳಿಕೆ ತಜ್ಞ ವಾಲ್ಟರ್ ಗ್ರ್ಯಾಂಜರ್ ಅದನ್ನು ಹಂದಿಯನ್ನು ಹೋಲುವ ಎಂಟೆಲೊಡಾಂಟ್ ಗುಂಪಿನದ್ದು ಅಂದುಕೊಂಡರು. ಚಿತ್ರ ಬರೆದು ನ್ಯೂಯಾರ್ಕಿಗೆ ಕಳಿಸಿದರು. ಅಲ್ಲಿ ಮ್ಯೂಸಿಯಂನ ಇನ್ನೊಬ್ಬ ತಜ್ಞ ಮ್ಯಾಥ್ಯೂ ಚಿತ್ರ ನೋಡಿ, ಅಲ್ಲ, ಇದು ಮಾಂಸ ತಿನ್ನುವ ಮೆಸೊನಿಕಿಡ್ ಗುಂಪಿನದ್ದು ಅಂದರು. 1924ರಲ್ಲಿ ಮ್ಯೂಸಿಯಂನ ಅಧ್ಯಕ್ಷ ಆಸ್ಬಾರ್ನ್ ಹಾಗೆಂದೇ ಬರೆದು, ತಂಡದ ಮುಖಂಡ ಆಂಡ್ರ್ಯೂಸ್ ಗೌರವಕ್ಕೆ ಆಂಡ್ರ್ಯೂಸಾರ್ಕಸ್ ಅಂತ ಹೆಸರಿಟ್ಟರು. ಅದೇ ಗುಂಪಿನ ಮೆಸೊನಿಕ್ಸ್ ಅನ್ನೋ ಪ್ರಾಣಿಯ ಮೈ ಅಳತೆ ಹಿಡಿದು, ಇದು 3.8 ಮೀಟರ್ ಉದ್ದ ಇದ್ದಿರಬೇಕು ಅಂತ ಲೆಕ್ಕ ಹಾಕಿದರು. ಪುಸ್ತಕಗಳಲ್ಲಿ ನೀನು ನೋಡಿರುವ ದೈತ್ಯ ತೋಳದಂಥ ಚಿತ್ರಗಳ ಬೇರು ಅಲ್ಲಿದೆ.

ಗ್ರ್ಯಾಂಜರ್ ತಪ್ಪಿದರು ಅಂತಲೇ ಎಷ್ಟೋ ದಶಕ ಎಲ್ಲರೂ ಓದಿದರು, ನಾನೂ ಓದಿದೆ. ಈಗಿನ ಅಧ್ಯಯನಗಳು ಆ ಪ್ರಾಣಿಯನ್ನು ಮತ್ತೆ ಎಂಟೆಲೊಡಾಂಟ್, ನೀರಾನೆ, ತಿಮಿಂಗಿಲಗಳ ಹತ್ತಿರ ತಂದು ಕೂರಿಸಿವೆ. ಹಾಗಾದರೆ ಮೈ ಅಳತೆಯ ಲೆಕ್ಕವೂ ಸಡಿಲವಾಯಿತು, ಅಲ್ವಾ?

ನಿನ್ನ ಎಮ್ಮೆ ಹಲ್ಲು ಮುಂದೆ ಜಿಂಕೆಯದ್ದಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅದು ಎಮ್ಮೆಯದ್ದೇ. ಆದರೆ ಆ ಹಾಳೆಯಲ್ಲಿ ಹಲ್ಲಿನ ಅಳತೆ ಇತ್ತು, ಯಾವ ಮಣ್ಣಿನ ಪದರದಲ್ಲಿ ಸಿಕ್ಕಿತು ಅಂತಿತ್ತು. ಅವು ತಪ್ಪಾಗಿರಲಿಲ್ಲ, ತಪ್ಪಿದ್ದು ಹೆಸರು ಮಾತ್ರ. ಇನ್ನು ಮೇಲೆ ಕಂಡದ್ದನ್ನು ಎಡಗಡೆ ಬರಿ, ನಿನಗೆ ಅನ್ನಿಸಿದ್ದನ್ನು ಬಲಗಡೆ ಬರಿ. ತಪ್ಪಾದರೆ ಒಂದೇ ಗೆರೆ ಎಳಿ, ಕೆಳಗಿನ ಅಕ್ಷರ ಕಾಣುತ್ತಿರಲಿ.

ಹರಿದ ಚೂರುಗಳು ಇನ್ನೂ ಇದ್ದರೆ ಅಂಟಿಸು. ಇಲ್ಲದಿದ್ದರೆ ನೆನಪಿರುವಷ್ಟು ಇವತ್ತೇ ಬರೆದು, ನೆನಪಿನಿಂದ ಬರೆದದ್ದು ಅಂತ ತಾರೀಖು ಹಾಕು. ದೀಪಾವಳಿಗೆ ಬರುವಾಗ ನೋಟ್‌ಬುಕ್ ತಗೊಂಡು ಬಾ, ಇಬ್ಬರೂ ಕೂತು ನೋಡೋಣ.

ಇಂತಿ ನಿನ್ನ ಮಾವ